ಹೆಸರು ಎಲ್ಲೆಲ್ಲಿ ಬರೆದಿದೆ?

ನಿಮ್ಮ ಮನೆಯಲ್ಲೂ ಒಂದು ಪುಟ್ಟ ಕ್ಲೌಡ್ ಸರ್ವರ್ ಇರಬಹುದು, ಮಕ್ಕಳ ಆಟಕ್ಕೋ ಊರಿನ ಫೋಟೋಗಳಿಗೋ ಬಾಡಿಗೆಗೆ ಹಿಡಿದದ್ದು. ನಮ್ಮದರಲ್ಲಿ ಅಜ್ಜಿ ಹೇಳಿದ ಕಥೆಗಳ ರೆಕಾರ್ಡಿಂಗ್ ಇವೆ. ಹೆಸರು ಮಾತ್ರ 'ಐಪಿ' ಎಂದು ಶುರುವಾಗಿ ಬರೀ ಅಂಕಿಗಳ ಸಾಲು. ಕಳೆದ ಶನಿವಾರ ಹತ್ತು ವರ್ಷದ ಮಗಳು ಅದನ್ನು ನೋಡಿ, "ಅಪ್ಪಾ, ಇದಕ್ಕೆ ಅಳಿಲು ಅಂತ ಹೆಸರಿಡೋಣ" ಎಂದಳು.

ಮೊದಲ ತೊಡಕು ಅಲ್ಲೇ. ಹೋಸ್ಟ್‌ನೇಮ್‌ನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಬೇಕಾದರೆ ಹೈಫನ್, ಇಷ್ಟಕ್ಕೇ ಜಾಗ. ಇಂಗ್ಲಿಷಿನಲ್ಲಿ ಬರೆದರೆ ಅಳಿಲಿನ 'ಳ'ಗೂ 'ಲ'ಗೂ ಒಂದೇ ಅಕ್ಷರ. "ಇದೂ ನಮ್ಮ ಟೀಚರ್ ಥರಾನೇ" ಎಂದಳು ಮಗಳು. ಅವಳ ಹೆಸರಿನಲ್ಲೂ ಒಂದು 'ಳ' ಇದೆ. ಶಾಲೆಯಲ್ಲಿ ಅದು 'ಲ' ಆಗಿ ಮೂರು ವರ್ಷವಾಯಿತು. ಅವಳು ಹೇಳಿದಾಗಲೆಲ್ಲ "ಹೋಗಲಿ ಬಿಡು ಪುಟ್ಟಿ" ಎಂದವನು ನಾನೇ.

ಕೆಲಸಕ್ಕೆ ಕೂತೆವು. ಉಬುಂಟುವಿನಲ್ಲಿ 'ಹೋಸ್ಟ್‌ನೇಮ್‌ಸಿಟಿಎಲ್' ಆಜ್ಞೆಗೆ ಹೊಸ ಹೆಸರು ಕೊಟ್ಟರೆ ಒಂದೇ ಕ್ಷಣದಲ್ಲಿ ಬದಲಾಗುತ್ತದೆ. ಮಗಳು ಚಪ್ಪಾಳೆ ತಟ್ಟಿದಳು. ಸರ್ವರ್ ರೀಬೂಟ್ ಮಾಡಿದೆವು. ನೋಡಿದರೆ ಮತ್ತೆ ಹಳೇ ಹೆಸರು!

ನಿಮಗೂ ಹೀಗಾದರೆ ಗಾಬರಿ ಬೇಡ. ಹಲವು ಕ್ಲೌಡ್ ಸರ್ವರ್‌ಗಳಲ್ಲಿ 'ಕ್ಲೌಡ್-ಇನಿಟ್' ಎಂಬ ಪ್ರೋಗ್ರಾಂ ಇರುತ್ತದೆ. ಯಂತ್ರ ಏಳುವಾಗ ತನ್ನ ಬಳಿಯಿರುವ ಹೆಸರನ್ನೇ ಅದು ಮತ್ತೆ ಅಂಟಿಸಬಹುದು. ಅದರ ಸೆಟ್ಟಿಂಗ್ ಫೈಲಿನಲ್ಲಿ 'ಪ್ರಿಸರ್ವ್ ಹೋಸ್ಟ್‌ನೇಮ್' ಎಂಬಲ್ಲಿ 'ಫಾಲ್ಸ್' ಇದ್ದರೆ 'ಟ್ರೂ' ಮಾಡಿ. ಜೊತೆಗೆ 'ಹೋಸ್ಟ್ಸ್' ಫೈಲಿನಲ್ಲೂ ಹಳೆಯ ಹೆಸರು ಇದ್ದರೆ ತಿದ್ದಿ. ಇಲ್ಲದಿದ್ದರೆ 'ಸುಡೊ' ಬಳಸಿದಾಗ ಈ ಹೆಸರಿನ ಯಂತ್ರ ಸಿಗುತ್ತಿಲ್ಲ ಎಂದು ಅದು ಗೊಣಗಬಹುದು. ಈಗ ಹೆಸರನ್ನು ಮತ್ತೊಮ್ಮೆ ಕೊಟ್ಟು, ರೀಬೂಟ್ ಮಾಡಿ ನೋಡಿ. ನಮ್ಮ ಅಳಿಲು ಅಳಿಲಾಗಿಯೇ ಎದ್ದಿತು.

"ಹೆಸರು ಎಲ್ಲೆಲ್ಲಿ ಬರೆದಿದೆಯೋ ಅಲ್ಲೆಲ್ಲ ಸರಿಮಾಡಬೇಕು ಪುಟ್ಟಿ" ಎಂದೆ. ಹೇಳಿದ ಮೇಲೆ ನನಗೇ ಚುರುಕ್ಕೆಂದಿತು. ಮನೆಯಲ್ಲಿ ನಾವು ಎಷ್ಟು ಸರಿಯಾಗಿ ಕರೆದರೇನು, ದಿನಾ ಬೆಳಿಗ್ಗೆ ಹಾಜರಿ ಕರೆಯುವಾಗ ಅವಳ ಹಳೇ ಹೆಸರು ವಾಪಸ್ ಬರುತ್ತಿತ್ತು. ಅಲ್ಲಿ ತಿದ್ದಲು ನಾನು ಹೋಗಿರಲೇ ಇಲ್ಲ.

ಭಾನುವಾರ ಮಗಳು ತನ್ನ ಹೆಸರನ್ನು ನಿಧಾನವಾಗಿ ಮೂರು ಸಲ ಹೇಳಿ ರೆಕಾರ್ಡ್ ಮಾಡಿದಳು. ಎರಡು ಸಾಲಿನ ಪತ್ರದೊಂದಿಗೆ ಟೀಚರಿಗೆ ಕಳಿಸಿದೆವು. ಸೋಮವಾರ ಸಂಜೆ ಮಗಳು ಬಂದು, "ಟೀಚರ್ ನಾಲಿಗೆ ಮಡಚಿ ಮಡಚಿ ಪ್ರಾಕ್ಟೀಸ್ ಮಾಡಿದ್ರು. ಇನ್ನೂ ಪೂರ್ತಿ ಬರ್ತಿಲ್ಲ. ನಾನೇ ಹೇಳಿಕೊಡ್ತೀನಿ" ಎಂದಳು.

ನಿಮ್ಮ ಮಗುವಿನ ಹೆಸರಿನಲ್ಲೂ ಇಂಥದೊಂದು 'ಳ'ನೋ 'ಣ'ನೋ ಇರಬಹುದು. ಶಾಲೆಯಲ್ಲಿ ಹೇಗೆ ಕರೆಯುತ್ತಾರೆಂದು ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ ನೋಡಿ. ಉತ್ತರ ಬಂದ ಮೇಲೆ "ಹೋಗಲಿ ಬಿಡು" ಅನ್ನಬೇಡಿ.