ಬಸ್ಸು ಹೊಸದಾದರೆ ಸಾಲದು, ದಾರಿ ಬಿಡಿ

ಪರಿಚಯದವರೊಬ್ಬರು ಮಾಲ್ಟಾ ದ್ವೀಪಕ್ಕೆ ಪ್ರವಾಸ ಹೋಗಿಬಂದರು. ಈ ವಾರ ಅವರು ಕಳಿಸಿದ ಫೋಟೊಗಳಲ್ಲಿ ಅಲ್ಲಿನ ಅಂಗಡಿಗಳಲ್ಲಿ ಮಾರುವ ಹಳದಿ ಬಸ್ಸಿನ ಆಟಿಕೆಗಳೇ ತುಂಬಿದ್ದವು. ಜೊತೆಗೊಂದು ಷರಾ: ಇಷ್ಟು ಚೆಂದದ ಬಸ್ಸುಗಳನ್ನು ತೆಗೆದುಹಾಕಿ ದ್ವೀಪದ ಕಳೆಯನ್ನೇ ಕೆಡಿಸಿದ್ದಾರಂತೆ. ಓದಿ ನನಗೆ ರೇಗಿತು. ನಾಲ್ಕು ದಿನ ಸುತ್ತಾಡಲು ಹೋದವರು ಬಸ್ಸನ್ನು ನೋಡಿ ಖುಷಿಪಡುತ್ತಾರೆ. ಬೆಳಗಿನ ಪಾಳಿಗೆ ಆಸ್ಪತ್ರೆ ಸೇರಬೇಕಾದ ನರ್ಸಿಗೆ ಆ ಬಸ್ಸು ಹೊತ್ತಿಗೆ ಸರಿಯಾಗಿ ಬರಬೇಕು. ಇಬ್ಬರ ಮಾತಿಗೂ ಒಂದೇ ತೂಕ ಕೊಡಲು ನಾನು ತಯಾರಿಲ್ಲ.

ಆ ಬಸ್ಸುಗಳು ಚೆಂದವಿದ್ದವು, ಅದನ್ನು ಅಲ್ಲಗಳೆಯುವುದಿಲ್ಲ. ಬೆಡ್‌ಫೋರ್ಡ್, ಲೇಲ್ಯಾಂಡ್ ಚಾಸಿಗಳ ಮೇಲೆ ಊರಿನ ಗ್ಯಾರೇಜುಗಳಲ್ಲೇ ಬಾಡಿ ಕಟ್ಟುತ್ತಿದ್ದರು. ಬಹುಪಾಲು ಬಸ್ಸುಗಳಿಗೆ ಓಡಿಸುವವನೇ ಮಾಲೀಕ. ಮುಂದಿನ ಗಾಜಿನ ಬಳಿ ತನ್ನ ಇಷ್ಟದ ಸಂತರ ಚಿತ್ರ ಅಂಟಿಸಿ, ಹಿತ್ತಾಳೆ, ಕ್ರೋಮಿಯಂ ಉಜ್ಜಿ ಮನೆಮಗಳಂತೆ ಸಿಂಗರಿಸುತ್ತಿದ್ದ. ಆದರೆ ಮೆಟ್ಟಿಲು ಎತ್ತರ, ಬೇಸಿಗೆಯಲ್ಲಿ ಒಳಗೆ ಧಗೆ, ಹಿಂದೆ ಕಪ್ಪು ಹೊಗೆ. ಗಾಲಿಕುರ್ಚಿಯವರು ಹತ್ತುವ ಮಾತೇ ಇರಲಿಲ್ಲ. ಒಂದು ಬಸ್ಸು ದಿನ ಬಿಟ್ಟು ದಿನ ರಸ್ತೆಗಿಳಿಯುವ ಪದ್ಧತಿ ಬೇರೆ. 2008ರ ಜುಲೈನಲ್ಲಿ ಶವವಾಹನಗಳ ವ್ಯವಹಾರವನ್ನು ಎಲ್ಲರಿಗೂ ಮುಕ್ತ ಮಾಡಲು ಸರ್ಕಾರ ಹೊರಟಾಗ, ಅದನ್ನು ವಿರೋಧಿಸಿ ಬಸ್ಸಿನವರೂ ಮುಷ್ಕರ ಹೂಡಿ ದ್ವೀಪವನ್ನೇ ನಿಲ್ಲಿಸಿಬಿಟ್ಟರು. ಪ್ರಯಾಣಿಕರ ಪಾಡು ಕೇಳುವವರಿರಲಿಲ್ಲ.

ಎತ್ತರದ ಮೆಟ್ಟಿಲಿನ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. ನನ್ನ ಸೋದರತ್ತೆಗೆ ಮೊಣಕಾಲು ನೋವು. ಬಸ್ಸು ಹತ್ತುವಾಗ ಹಿಂದಿನಿಂದ ಯಾರಾದರೂ ಎತ್ತಿಕೊಡಬೇಕಿತ್ತು. ಆ ನಾಚಿಕೆಗೇ ಅವರು ಪೇಟೆಗೆ ಹೋಗುವುದನ್ನು ಬಿಟ್ಟಿದ್ದರು. 2006ರಲ್ಲಿ ಬೆಂಗಳೂರಿಗೆ ವೋಲ್ವೊ ಬಸ್ಸು ಬಂತು. ಬಾಗಿಲು ಫುಟ್‌ಪಾತಿನ ಮಟ್ಟಕ್ಕೇ ಇತ್ತು. ಅತ್ತೆ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತು, 'ಇನ್ನು ನನ್ನನ್ನು ಯಾರೂ ಕರ್ಕೊಂಡು ಹೋಗೋದು ಬೇಡ ಕಣೋ' ಎಂದರು. ಬಸ್ ಸುಧಾರಣೆ ಎಂದಾಗಲೆಲ್ಲ ನನಗೆ ಆ ಮಾತೇ ನೆನಪಾಗುತ್ತದೆ. ಹಳೆಯ ಬಸ್ಸಿಗಾಗಿ ಮರುಗುವವರಿಗೆ ಇಂಥ ಅತ್ತೆಯಂದಿರು ಕಾಣುವುದಿಲ್ಲ.

ಹಾಗೆಂದು ಹೊಸತನ್ನು ತಂದವರನ್ನೂ ಸುಮ್ಮನೆ ಬಿಡಲಾರೆ. 2011ರ ಜುಲೈ 3ರಂದು ಹಳದಿ ಬಸ್ಸುಗಳ ಜಾಗಕ್ಕೆ ಅರೈವಾ ಬಂತು. ಜರ್ಮನಿಯ ರೈಲ್ವೆ ಸಂಸ್ಥೆ ಡಾಯ್ಚ ಬಾನ್ ಒಡೆತನದಲ್ಲಿದ್ದ ಕಂಪನಿ ಅದು. ಒಂದೇ ರಾತ್ರಿಯಲ್ಲಿ ಬಸ್ಸು, ಮಾರ್ಗ, ನಂಬರು, ಟಿಕೆಟ್ ಎಲ್ಲವೂ ಬದಲು. ಮೊದಲ ದಿನವೇ ಅನೇಕ ಚಾಲಕರು ಕೆಲಸಕ್ಕೆ ಬರಲಿಲ್ಲ. ನೇರವಾಗಿ ರಾಜಧಾನಿ ವಲೆಟ್ಟಾ ತಲುಪುತ್ತಿದ್ದವರು ನಡುವೆ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕಾಯಿತು. ಅದೇ ನವೆಂಬರಿನಲ್ಲಿ ಸಾರಿಗೆ ಸಚಿವ ಆಸ್ಟಿನ್ ಗ್ಯಾಟ್ ವಿರುದ್ಧದ ಅವಿಶ್ವಾಸ ನಿರ್ಣಯ ಸಭಾಧ್ಯಕ್ಷರ ನಿರ್ಣಾಯಕ ಮತದಿಂದಷ್ಟೇ ಬಿದ್ದುಹೋಯಿತು. ಬಸ್ಸಿನ ಸಿಟ್ಟು ಸಂಸತ್ತಿನವರೆಗೆ ಹೋಗಿತ್ತು.

ಲಂಡನ್ ಬೇಡವೆಂದು ಕೈಬಿಟ್ಟ, ನಡುವೆ ಮಡಚಿಕೊಳ್ಳುವ ಉದ್ದನೆಯ ಜೋಡಿ ಬಸ್ಸುಗಳು ಮಾಲ್ಟಾಕ್ಕೆ ಬಂದವು. 316 ಚದರ ಕಿಲೋಮೀಟರಿನ ದೇಶ, ಗಾಡಿಗಳು ಎದುರಾದರೆ ಒಂದು ಹಿಂದೆ ಸರಿಯಬೇಕಾದ ಊರೊಳಗಿನ ಬೀದಿಗಳು. 2013ರ ಆಗಸ್ಟಿನಲ್ಲಿ ಒಂದರ ಹಿಂದೊಂದರಂತೆ ಈ ಬಸ್ಸುಗಳಿಗೆ ಬೆಂಕಿ ಬಿದ್ದಾಗ ಸರ್ಕಾರ ಎಲ್ಲವನ್ನೂ ರಸ್ತೆಯಿಂದ ತೆಗೆಸಿತು. 2014ರ ಆರಂಭಕ್ಕೆ ಅರೈವಾ ಹೊರಟೇಹೋಯಿತು, ಬಸ್ಸುಗಳು ಸರ್ಕಾರದ ಕೈಗೆ ಬಂದವು, ಮರುವರ್ಷ ಸ್ಪೇನಿನ ಕಂಪನಿಯೊಂದಕ್ಕೆ ಹೋದವು. ಬಣ್ಣ ಬದಲಾಯಿತು, ಹೆಸರು ಬದಲಾಯಿತು. ಇವತ್ತು ಅಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ನಮ್ಮ ದೇಶದಿಂದ ಹೋದವರೂ ಇದ್ದಾರೆ. ಬದಲಾಗದೆ ಉಳಿದದ್ದು ರಸ್ತೆ.

ನಾನು ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆಯುವುದು ಇದನ್ನೇ, ಓದುಗರಿಗೆ ಬೇಸರವಾದರೂ ಇನ್ನೊಮ್ಮೆ ಬರೆಯುತ್ತೇನೆ. ಬಸ್ಸಿಗೆ ಬೇರೆ ಪಥ ಕೊಡದೆ ಮಾಡುವ ಸುಧಾರಣೆ ಸುಧಾರಣೆಯೇ ಅಲ್ಲ. ಮಾಲ್ಟಾದ ಜನಸಂಖ್ಯೆ ಐದು ಲಕ್ಷ ಚಿಲ್ಲರೆ, ನೋಂದಣಿಯಾದ ವಾಹನಗಳು ನಾಲ್ಕು ಲಕ್ಷಕ್ಕೂ ಹೆಚ್ಚು. ಅದರ ಮೇಲೆ ವರ್ಷಕ್ಕೆ ಮೂವತ್ತು ಲಕ್ಷ ದಾಟಿದ ಪ್ರವಾಸಿಗರು, ಅವರ ಬಾಡಿಗೆ ಕಾರುಗಳು. ಐವತ್ತು ಜನರನ್ನು ಹೊತ್ತ ಬಸ್ಸು, ಒಬ್ಬನೇ ಕೂತ ಕಾರಿನ ಹಿಂದೆ ಹಾರ್ನ್ ಹೊಡೆಯುತ್ತ ನಿಂತಿರುತ್ತದೆ. 1931ರವರೆಗೆ ಆ ದ್ವೀಪದಲ್ಲೊಂದು ರೈಲು ಓಡುತ್ತಿತ್ತು. ಬಸ್ಸಿನ ಪೈಪೋಟಿಗೆ ಅದು ಮುಚ್ಚಿತು. ರೈಲನ್ನೇ ಸೋಲಿಸಿದ ಬಸ್ಸು ಈಗ ಕಾರಿಗೆ ಸೋತಿದೆ.

2022ರ ಅಕ್ಟೋಬರ್ 1ರಿಂದ ಅಲ್ಲಿ ತಲ್ಲಿನ್ಯಾ ಎಂಬ ಬಸ್ ಕಾರ್ಡ್ ಇರುವ ನಿವಾಸಿಗಳಿಗೆ ಬಸ್ಸು ಉಚಿತ. ಒಳ್ಳೆಯದೇ. ಜನ ಬಂದರು, ಬಸ್ಸು ತುಂಬಿತು. ಬೇಸಿಗೆಯ ಪ್ರವಾಸಿ ಕಾಲದಲ್ಲಿ, ದಾರಿಯ ನಡುವಿನ ನಿಲ್ದಾಣಗಳಲ್ಲಿ ಕಾಯುವವರ ಎದುರೇ ತುಂಬಿದ ಬಸ್ಸು ನಿಲ್ಲದೆ ಹೋಗುತ್ತದೆ. ನಮ್ಮಲ್ಲಿ 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದಾಗ ಮನಸಾರೆ ಮೆಚ್ಚಿದವರಲ್ಲಿ ನಾನೂ ಒಬ್ಬ, ಇವತ್ತಿಗೂ ಮೆಚ್ಚುತ್ತೇನೆ. ಆದರೆ 2019ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಬಿಟ್ಟ ಪಥ ಏನಾಯಿತು? ಮೆಟ್ರೊ ಕಾಮಗಾರಿ ಬಂದಾಗ ಮೊದಲು ಹೋದದ್ದು ಅದೇ. ಕಾರಿನ ಪಥ ಇದ್ದಲ್ಲೇ ಇತ್ತು.

ಟಿಕೆಟ್ಟಿನ ದುಡ್ಡು ಬಿಟ್ಟುಕೊಟ್ಟರೆ ಯಾವ ಕಾರಿನವನೂ ಸಿಟ್ಟಾಗುವುದಿಲ್ಲ, ಅದಕ್ಕೇ ಸರ್ಕಾರಗಳು ಅದನ್ನು ಮಾಡುತ್ತವೆ. ರಸ್ತೆಯ ಒಂದು ಪಾಲು ಕಿತ್ತು ಬಸ್ಸಿಗೆ ಕೊಡಿ ನೋಡೋಣ. ಅದಕ್ಕೆ ಖಜಾನೆ ಸಾಲದು, ಬೆನ್ನೆಲುಬು ಬೇಕು. ಖಜಾನೆ ವಲೆಟ್ಟಾದಲ್ಲೂ ಇದೆ, ವಿಧಾನಸೌಧದಲ್ಲೂ ಇದೆ.