ನಮ್ಮೂರ ಬಂಡೆ ಯಾಕೆ ಉಳಿಯಬೇಕು?



ದಸರಾ ರಜೆಯಲ್ಲಿ ಉಡುಪಿಯಿಂದ ನಮ್ಮ ಚಿಕ್ಕಮ್ಮನ ಮಗ ಬಂದಿದ್ದ. ಶಾಲೆ ಹಿಂದಿನ ಬಂಡೆ ನೋಡಿ, "ಇಷ್ಟು ದೊಡ್ಡ ಕಲ್ಲು ನಿಮಗೆ ಆಟ ಆಡೋಕೆ ಸಿಕ್ಕಿದೆಯಲ್ಲೇ!" ಅಂದ. ಅವರ ಕಡೆ ಹೆಚ್ಚಾಗಿ ಇರೋದು ಮುರಕಲ್ಲು. ಇಟ್ಟಿಗೆ ಥರ ಕೊಯ್ದು ಮನೆ ಕಟ್ಟುತ್ತಾರೆ, ಹಿಡಿದು ಹತ್ತೋಕೆ ಹೋದರೆ ಉದುರುತ್ತೆ. (ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು ಬೇರೆ ಮಾತು, ಅದು ಗಟ್ಟಿ ಕಲ್ಲು.) ಬೀದರ್ ಕಡೆಯೂ ಮುರಕಲ್ಲೇ.

ನಮ್ಮ ರಾಮನಗರದ ಸೀಮೆ ಹಾಗಲ್ಲ. ರಾಮದೇವರ ಬೆಟ್ಟ, ಸಾವನದುರ್ಗ, ಎತ್ತ ತಿರುಗಿದರೂ ಬಂಡೆ. ಸುಮಾರು 250 ಕೋಟಿ ವರ್ಷದ ಹಿಂದೆ ಭೂಮಿಯೊಳಗೆ ಕರಗಿದ್ದ ಕಲ್ಲು ತಣ್ಣಗಾಗಿ ಗಟ್ಟಿಯಾದದ್ದು ಇದು. ರಾಮನಗರದ ಹಳೇ ಹೆಸರಿನಿಂದಲೇ ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. 1975ರ 'ಶೋಲೆ' ಸಿನಿಮಾದಲ್ಲಿ ಕಾಣೋದೂ ಇದೇ ಬಂಡೆಗಳು.

ಹತ್ತೋ ರೀತಿಯೂ ಸೀಮೆಗೊಂದು. ಬಾದಾಮಿಯದು ಕೆಂಪು ಮರಳುಗಲ್ಲಿನ ನೆಟ್ಟನೆ ಗೋಡೆ, ಬೆರಳು ಸಿಗಿಸೋಕೆ ಅಂಚು, ಸೀಳು ಸಿಗುತ್ತವೆ. ಹಂಪಿಯ ಗುಂಡುಗಳನ್ನ ಹಗ್ಗ ಇಲ್ಲದೆ, ಕೆಳಗೆ ದಪ್ಪ ಹಾಸಿಗೆ ಹಾಕಿಕೊಂಡು ಹತ್ತುತ್ತಾರೆ. ನಮ್ಮ ಕಡೆ ಎಷ್ಟೋ ಬಂಡೆಗಳಲ್ಲಿ ಹಿಡಿಯೋಕೆ ಏನೂ ಇರಲ್ಲ, ಅಂಗಾಲನ್ನೇ ನಂಬಬೇಕು. ನಾವು ಬರಿಗಾಲಲ್ಲಿ ಜಾರುಬಂಡೆ ಹತ್ತೋದು ಹಾಗೇ ಅಲ್ವಾ? ಚಿತ್ರದುರ್ಗದ ಕೋಟೆ ಗೋಡೆಯನ್ನ ಜ್ಯೋತಿರಾಜ್ ಹಗ್ಗ ಇಲ್ಲದೆ ಹತ್ತುತ್ತಾರೆ. ನೋಡೋಕೆ ಚೆಂದ, ನಾವು ಹಾಗೆ ಮಾಡಬಾರದು.

ಯುರೋಪಿನ ನೆದರ್ಲೆಂಡ್ಸ್ ಬಹುತೇಕ ಬಯಲು ದೇಶ. ಹತ್ತೋಕೆ ಬಂಡೆ ಎಲ್ಲಿಂದ ತರ್ತಾರೆ? ಅಲ್ಲಿಯ ಗ್ರೋನಿಂಗನ್ ಪಟ್ಟಣದಲ್ಲಿ ಅದಕ್ಕಂತಲೇ 37 ಮೀಟರ್ ಎತ್ತರದ ಗೋಪುರ ಕಟ್ಟಿಕೊಂಡಿದ್ದಾರೆ. ನಾವು ಇರೋ ಬಂಡೆಗೆ ಮದ್ದು ಇಟ್ಟು ಜಲ್ಲಿ ಮಾಡ್ತೀವಿ.

ಜಲ್ಲಿ ಬೇಡ ಅನ್ನೋಕೆ ನನಗೆ ಬಾಯಿಲ್ಲ. ನಮ್ಮಪ್ಪ ಕ್ವಾರಿಯಲ್ಲೇ ದುಡಿಯೋದು. ಈ ಲೇಖನ ಬರೆದ ಪೆನ್ನೂ ಆ ಕೂಲಿಯದೇ. ಆದರೆ ಶಾಲೆ ಹಿಂದಿನ ಬಂಡೆಗೂ ಹೋದ ತಿಂಗಳು ಯಾರೋ ಸುಣ್ಣದ ಗುರುತು ಹಾಕಿ ಹೋಗಿದ್ದಾರೆ. ಅದೊಂದನ್ನ ಬಿಡಲಿ ಅನ್ನೋದು ನನ್ನ ಅಭಿಪ್ರಾಯ. ಬೆಂಗಳೂರಿಂದ ಹಗ್ಗ, ಹೆಲ್ಮೆಟ್ ಹೊತ್ತು ರಾಮನಗರಕ್ಕೆ ಹತ್ತೋಕೆ ಬರೋರು ಇದ್ದಾರೆ. ಅವರಿಗೆ ದಾರಿ ತೋರಿಸೋದು, ಕೆಳಗೆ ನಿಂತು ಹಗ್ಗ ಹಿಡಿಯೋದು ನಾವೂ ಕಲಿಯಬಹುದು, ಹುಡುಗಿಯರೂ ಸೇರಿ. ಅದೂ ಕೆಲಸವೇ. ರಣಹದ್ದು ಗೂಡು ಕಟ್ಟೋ ಕಡೆ ಮಾತ್ರ ಯಾರೂ ಹತ್ತಬಾರದು. ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. "ಬಂಡೆ ಹತ್ತಿದ್ರೆ ಹೊಟ್ಟೆ ತುಂಬ್ತದೇನವ್ವಾ?" ಅಂದರು. ನನಗೆ ಉತ್ತರ ಹೊಳೀಲಿಲ್ಲ.

ಗ್ರಾಮಸಭೆಗೆ ಕೊಡೋಕೆ ಅರ್ಜಿ ಬರೆದು ಮೇಷ್ಟ್ರ ಮೇಜಿನ ಮೇಲೆ ಇಟ್ಟಿದ್ದೀನಿ. ಸಹಿ ಹಾಕೋರು ಊಟದ ಬಿಡುವಿನಲ್ಲಿ ಹೋಗಿ ಹಾಕಿ, ದೊಡ್ಡೋರ ಕೈಲೂ ಹಾಕಿಸಿ. ನಿನ್ನೆವರೆಗೆ 17 ಸಹಿ ಆಗಿವೆ. ಅಪ್ಪಂದು ಇನ್ನೂ ಆಗಿಲ್ಲ.

— ಒಬ್ಬ ವಿದ್ಯಾರ್ಥಿನಿ, 9ನೇ ತರಗತಿ