ಜಾಥಾ ಸಾಲದು, ಕ್ಲಾಸಿನಲ್ಲಿ ಬಾಯಿಬಿಟ್ಟು ಹೇಳಿ

ಪ್ರತಿ ವರ್ಷ ಡಿಸೆಂಬರ್ 1ಕ್ಕೆ ಕಾಲೇಜು ಮಕ್ಕಳು ಎದೆಗೆ ಕೆಂಪು ರಿಬ್ಬನ್ ಚುಚ್ಚಿಕೊಂಡು, ಫಲಕ ಹಿಡಿದು, ಏಡ್ಸ್ ತಡೆಯೋಣ ಎಂದು ಕೂಗುತ್ತ ಬೀದಿ ಸುತ್ತುತ್ತಾರೆ. ಹೇಗೆ ತಡೆಯಬೇಕು ಎಂಬುದನ್ನು ಅವರಲ್ಲಿ ಎಷ್ಟು ಜನರಿಗೆ ನಾವು ಬಿಡಿಸಿ ಹೇಳಿದ್ದೇವೆ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಪ್ರಾಂಶುಪಾಲರೆ, ಅಧ್ಯಾಪಕರೆ, ನಿಮ್ಮನ್ನೇ ಕೇಳುತ್ತಿದ್ದೇನೆ. ಕಾಂಡೋಮ್ ಕೊಳ್ಳಲು ಹೋದ ನಿಮ್ಮ ಕ್ಲಾಸಿನ ಹುಡುಗ ಮೆಡಿಕಲ್ ಅಂಗಡಿಯ ಮುಂದೆ ಗಿರಾಕಿಗಳು ಕರಗುವವರೆಗೂ ನಿಂತು, ಕೊನೆಗೆ ತಲೆನೋವಿನ ಗುಳಿಗೆ ಕೇಳಿ ಬರುತ್ತಾನೆ. ಮುಟ್ಟು ನಿಂತ ಹುಡುಗಿ ಯಾರಿಗೂ ಹೇಳಲಾಗದೆ ಗೆಳತಿಯ ಮೊಬೈಲಿನಲ್ಲಿ ಉತ್ತರ ಹುಡುಕುತ್ತಾಳೆ. ಮನೆತನದ ಮರ್ಯಾದೆ ಎಂದು ನಾವು ಬಾಯಿ ಮುಚ್ಚಿಕೊಂಡದ್ದಕ್ಕೆ ದಂಡ ತೆರುವವಳು ಅವಳೊಬ್ಬಳೇ.

ಹೇಳಿದರೆ ಮಕ್ಕಳು ಕೆಡುತ್ತಾರೆ ಎನ್ನುತ್ತೀರಿ. ಬಿ.ಎ. ಎರಡನೇ ವರ್ಷದಲ್ಲೇ ಮದುವೆಯಾಗಿ, ತಾಳಿ ಕಟ್ಟಿಕೊಂಡೇ ಪರೀಕ್ಷೆಗೆ ಬರುವ ಹುಡುಗಿಯರು ನಿಮ್ಮ ಮುಂದೆಯೇ ಕೂತಿಲ್ಲವೆ? ಡಿಗ್ರಿ ಮುಗಿಯುವತನಕ ಬಸಿರು ಮುಂದೂಡುವ ದಾರಿ ಅವರಿಗೂ ಗೊತ್ತಿರಬೇಡವೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಇಲ್ಲವೆಂಬಷ್ಟು ಕಡಿಮೆ. ಬಸಿರು ಮುಂದೂಡುವ ಕಾಪರ್-ಟಿ, ಅಂತರಾ ಚುಚ್ಚುಮದ್ದು, ಛಾಯಾ ಗುಳಿಗೆ, ನಿರೋಧ್ ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ. ಹೆಸರೇ ಕೇಳದವರು ಹೋಗಿ ಕೇಳುವುದಾದರೂ ಹೇಗೆ?

1930ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಸರ್ಕಾರಿ ಗರ್ಭನಿರೋಧ ಕ್ಲಿನಿಕ್ ತೆರೆಯಿತು. ಆಗ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು, ನಮಗದು ದಕ್ಕಲಿಲ್ಲ. 2007ರಲ್ಲಿ ಇದೇ ಕರ್ನಾಟಕ ಶಾಲೆಗಳ ಹದಿಹರೆಯದ ಶಿಕ್ಷಣಕ್ಕೆ ತಡೆ ಹಾಕಿತು. ಶಾಲೆಯಲ್ಲೂ ಕಲಿಯದೆ, ಮನೆಯಲ್ಲೂ ಕೇಳದೆ ಬಂದ ಮಕ್ಕಳಿಗೆ ಕಾಲೇಜೇ ಕೊನೆಯ ಅವಕಾಶ.

ಏನು ಹೇಳಬೇಕು? ಕಾಂಡೋಮ್ ಬಸಿರನ್ನೂ ರೋಗವನ್ನೂ ತಡೆಯುತ್ತದೆ. ಪೊಟ್ಟಣದ ಮೇಲಿನ ಅವಧಿ ನೋಡಬೇಕು, ಹಲ್ಲಿನಿಂದ ಹರಿಯಬಾರದು, ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು. ತುರ್ತು ಗರ್ಭನಿರೋಧಕ ಗುಳಿಗೆಯನ್ನು ರಕ್ಷಣೆಯಿಲ್ಲದೆ ಕೂಡಿದ 72 ತಾಸಿನೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ತೆಗೆದುಕೊಳ್ಳಬೇಕು. ಅದು ರೋಗ ತಡೆಯದು, ನಿಂತ ಬಸಿರನ್ನೂ ತೆಗೆಯದು. ಗರ್ಭಪಾತದ ಗುಳಿಗೆ ಬೇರೆಯೇ, ಡಾಕ್ಟರನ್ನು ಕಾಣದೆ ಅದನ್ನು ನುಂಗಿದರೆ ಜೀವಕ್ಕೇ ಕುತ್ತು. ಇದಕ್ಕಿಂತ ಮುಖ್ಯವಾಗಿ ಕಾನೂನು ತಿಳಿಸಿ. ಗರ್ಭಪಾತದ ಹಕ್ಕಿನಲ್ಲಿ ಮದುವೆಯಾದವರು, ಆಗದವರು ಎಂಬ ಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಹದಿನೆಂಟು ತುಂಬಿದವಳ ಒಪ್ಪಿಗೆಯೊಂದೇ ಸಾಕು, ಅಪ್ಪನ ಸಹಿಯೂ ಬೇಡ, ಗಂಡನ ಸಹಿಯೂ ಬೇಡ. ಅವಳ ಹೆಸರನ್ನು ಗುಟ್ಟಾಗಿಡುವುದು ಡಾಕ್ಟರ ಹೊಣೆ. ಎಲ್ಲಕ್ಕೂ ಮೊದಲು, ಬೇಡ ಎಂದವಳನ್ನು ಮುಟ್ಟಕೂಡದೆಂದು ಹುಡುಗರಿಗೆ ಎದುರು ಕೂರಿಸಿಕೊಂಡು ಹೇಳಿ.

ಬಾಲ್ಯವಿವಾಹ ಬೇಡವೆಂದು, ಕಣ್ಣು ದಾನ ಮಾಡಿರೆಂದು ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿಗೆ ಸಾವಿರಾರು ಜನ ಹೆಜ್ಜೆ ಹಾಕಿದ ನೆಲವಿದು. ಇಲ್ಲಿನ ಜನ ಒಳ್ಳೆಯ ಮಾತಿಗೆ ಕಿವಿಗೊಡುತ್ತಾರೆ, ಹೇಳುವ ಎದೆಗಾರಿಕೆ ನಮಗೆ ಬೇಕು. ಜಿಲ್ಲೆಗೆ ಮೆಡಿಕಲ್ ಕಾಲೇಜು ಬಂದಿದೆ, ಸ್ವಂತ ವಿಶ್ವವಿದ್ಯಾಲಯವೂ ಬಂದಿದೆ. ಈ ಸೆಮಿಸ್ಟರಿನಲ್ಲೇ ಒಬ್ಬ ಡಾಕ್ಟರನ್ನೋ ನರ್ಸಮ್ಮನನ್ನೋ ಕರೆಸಿ. ಹೆಸರು ಬರೆಯದ ಚೀಟಿಯಲ್ಲಿ ಪ್ರಶ್ನೆ ಕೇಳಲು ಮಕ್ಕಳಿಗೆ ಬಿಡಿ, ಒಂದನ್ನೂ ಹರಿದೆಸೆಯದೆ ಉತ್ತರ ಕೊಡಿಸಿ. ಎಚ್‌ಐವಿ ಪರೀಕ್ಷೆ ಎಲ್ಲಿ ಆಗುತ್ತದೆಂದು, ಸಹಾಯವಾಣಿ 1097 ಎಂದು ಹಾಸ್ಟೆಲಿನ ಗೋಡೆಗೂ ಲೇಡೀಸ್ ರೂಮಿನ ಬಾಗಿಲಿಗೂ ಬರೆದು ಹಚ್ಚಿ. ಪಾಲಕರು ತಕರಾರು ತೆಗೆದು ಬಂದರೆ ಅವರನ್ನೂ ಕೂರಿಸಿಕೊಂಡು ಇದನ್ನೇ ಹೇಳಿ.